ಸುಳ್ಳಾಡದ ಯೋಧೆಯ ಫಜೀತಿಗಳು

ಕತ್ತಿ ಹಿಡಿಯೋದು ಸುಲಭ, ವ್ರತ ಹಿಡಿಯೋದು ಕಷ್ಟ. ನಾನು ಎರಡನ್ನೂ ಹಿಡಿದವಳು. ಹಾಗಾಗಿ ಭಾನುವಾರ ಬಂತೆಂದರೆ ನನಗೆ ಏನಾದರೊಂದು ಫಜೀತಿ ಗ್ಯಾರಂಟಿ.

ಗಾಬರಿಯಾಗಬೇಡಿ. ನಾನು ಬೇಲೂರಿನಲ್ಲಿ ಹಲ್ಲಿನ ಡಾಕ್ಟರು. ಕತ್ತಿ ಇರೋದು ಆಟದಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮೂರಿನ ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ನಾಲ್ಕು ಜನ ಸೇರುತ್ತೇವೆ. ಮೇಷ್ಟ್ರು ಕತೆ ನಡೆಸುತ್ತಾರೆ; ಕಾಡು, ಕೋಟೆ, ಕಾವಲುಗಾರ, ರಾಕ್ಷಸ ಎಲ್ಲಾ ಅವರೇ. ಉಳಿದ ಮೂವರು ಒಂದೊಂದು ಪಾತ್ರವಾಗಿ, ಆ ಪಾತ್ರದ ಬಾಯಲ್ಲೇ ಮಾತಾಡಬೇಕು. ಹೊಡೆದ ಏಟು ತಗುಲಿತೋ ಇಲ್ಲವೋ ಅಂತ ದಾಳ ಹೇಳುತ್ತೆ. ಹಳೇಬೀಡಿನ ಗೈಡ್ ಒಬ್ಬರು ನಮ್ಮ ಕಳ್ಳ. ಹುಲಿಕೆರೆಯ ತೋಟದ ಯಜಮಾನರು ಮಂತ್ರವಾದಿ. ನಾನು ಧರ್ಮಯೋಧೆ, ಅಂದರೆ ದೇವರ ಮುಂದೆ ಪ್ರತಿಜ್ಞೆ ಮಾಡಿ ಕತ್ತಿ ಹಿಡಿದವಳು. ಸುಳ್ಳಾಡಬಾರದು, ಅನ್ಯಾಯ ಕಂಡರೆ ಸುಮ್ಮನಿರಬಾರದು, ಶರಣು ಬಂದವರನ್ನು ಕಾಯಬೇಕು.

ಈ ಪಾತ್ರ ಬೇಕು ಅಂತ ಕೇಳಿದ ದಿನವೇ ಮೇಷ್ಟ್ರು ಅನುಮಾನಪಟ್ಟರು. "ಡಾಕ್ಟ್ರೇ, ಇದು ನಿಮಗೆ ಕಷ್ಟ ಆಗುತ್ತೆ."

"ಯಾಕ್ರೀ?"

"ಸುಳ್ಳು ಹೇಳೋ ಹಾಗಿಲ್ಲ. ನನ್ನ ದವಡೆ ಹಲ್ಲು ಕೀಳುವಾಗ 'ಇರುವೆ ಕಚ್ಚಿದ ಹಾಗಿರುತ್ತೆ ಅಷ್ಟೇ' ಅಂದಿದ್ರಿ."

ಹೂವಿನ ವ್ಯಾಪಾರಿಗಳು

ಪ್ರಜೆಗಳನ್ನು ಹಿಂಸಿಸುವ ಒಬ್ಬ ದೊರೆಯನ್ನು ಸೆರೆ ಹಿಡಿಯಬೇಕಿತ್ತು. ಕಳ್ಳ ಉಪಾಯ ಮಾಡಿದ. ಮೂವರೂ ತಲೆ ಮೇಲೆ ಹೂವಿನ ಬುಟ್ಟಿ ಹೊತ್ತು ಕೋಟೆ ಬಾಗಿಲಿಗೆ ಹೋದೆವು.

ಕಾವಲುಗಾರನಾಗಿದ್ದ ಮೇಷ್ಟ್ರು ಕಣ್ಣು ಕೆಂಪಗೆ ಮಾಡಿ ಕೇಳಿದರು, "ಯಾರು ನೀವು?"

"ಹೂವಿನ ವ್ಯಾಪಾರಿಗಳು ಸ್ವಾಮಿ," ಅಂದ ಕಳ್ಳ.

ಮೇಷ್ಟ್ರು ಬೇಕಂತಲೇ ನನ್ನ ಕಡೆ ತಿರುಗಿದರು. "ಹೌದೇನಮ್ಮಾ?"

ನಾನು ಎದೆ ಸೆಟೆಸಿ ಹೇಳಿದೆ, "ಅಲ್ಲ. ನಾವು ನಿನ್ನ ದೊರೆಯನ್ನು ಕಟ್ಟಿ ಎಳೆದೊಯ್ಯಲು ಬಂದವರು!"

ಆಮೇಲೆ ಬಿದ್ದ ಏಟಿಗೆ ದಾಳ ಉರುಳಿಸಿ ಉರುಳಿಸಿ ಮೇಷ್ಟ್ರಿಗೆ ಕೈ ನೋವು ಬಂತು. ಮೂವರೂ ಕತ್ತಲಕೋಣೆ ಸೇರಿದೆವು. ಯಜಮಾನರು ಬೇಸರದಿಂದ ಅಂದರು:

"ಸುಳ್ಳು ಹೇಳಬ್ಯಾಡಿ ಕಣವ್ವ, ಒಪ್ಕೋತೀನಿ. ಕೆಮ್ಮು ಬಂದಂಗಾದ್ರೂ ಮಾಡಬೋದಿತ್ತಲ್ಲ? ಕೆಮ್ಮಕ್ಕೆ ಯಾವ ದೇವರು ಬ್ಯಾಡ ಅಂದೈತೆ?"

ಮುಟ್ಟಬೇಡಿ

ಬುದ್ಧಿ ಬರಬೇಕಿತ್ತು, ಬರಲಿಲ್ಲ. ಧರ್ಮಯೋಧೆ ಅಂದ ಮೇಲೆ ಜೊತೆಯವರನ್ನೂ ತಿದ್ದಬೇಕು ಅಂತ ನನಗನ್ನಿಸಿತ್ತು. ಕಳ್ಳ ಯಾರದಾದರೂ ಜೇಬಿಗೆ ಕೈ ಹಾಕಿದರೆ ಉಪದೇಶ, ಬೀಗಕ್ಕೆ ಕಡ್ಡಿ ತೂರಿಸಿದರೆ ಉಪದೇಶ. ಸಂತೆಯಲ್ಲಿ ಒಂದು ಮಾವಿನಹಣ್ಣು ಎತ್ತಿಕೊಂಡಿದ್ದಕ್ಕೆ ಆಟ ನಿಲ್ಲಿಸಿ, ಅದನ್ನು ವಾಪಸ್ ಇಡಿಸಿ, ಅಂಗಡಿಯವಳ ಕ್ಷಮೆಯನ್ನೂ ಕೇಳಿಸಿದೆ. ಮೂರನೇ ಭಾನುವಾರ ಗೈಡ್ ದಾಳ ಕೆಳಗಿಟ್ಟು ಎದ್ದೇಬಿಟ್ಟರು.

"ಮೇಡಂ, ವಾರವೆಲ್ಲಾ ಹಳೇಬೀಡಲ್ಲಿ ನಿಂತು 'ಮುಟ್ಟಬೇಡಿ, ಒರಗಬೇಡಿ, ಹತ್ತಬೇಡಿ' ಅಂತ ಜನಕ್ಕೆ ಹೇಳೀ ಹೇಳೀ ಗಂಟಲು ಬಿದ್ದೋಗಿದೆ. ಒಂದು ದಿನ ನಾನೇ ಏನಾದ್ರೂ ಮುಟ್ಟೋಣ ಅಂತ ಇಲ್ಲಿಗೆ ಬಂದ್ರೆ, ನೀವು ಬಿಡಲ್ವಲ್ರೀ!"

ಮುಂದಿನ ಭಾನುವಾರ ಅವರು ಬರಲಿಲ್ಲ. ಕಳ್ಳನಿಲ್ಲದ ಆಟ ಒಗ್ಗರಣೆಯಿಲ್ಲದ ಸಾರಿನಂತಾಯಿತು. ಕತೆಯೊಳಗೆ ಒಂದು ಬಾಗಿಲು ತೆಗೆಯೋಕೂ ನಮಗಾಗಲಿಲ್ಲ. ಮೇಷ್ಟ್ರು, "ಹೀಗಾದ್ರೆ ಆಟ ನಿಲ್ಲಿಸೋಣ ಬಿಡಿ," ಅಂದೇಬಿಟ್ಟರು.

ಮಾರನೇ ದಿನ ಕ್ಲಿನಿಕ್‌ಗೆ ಬೀಗ ಹಾಕಿ ಹಳೇಬೀಡಿನ ಬಸ್ಸು ಹತ್ತಿದೆ. ಗೈಡ್ ಪ್ರವಾಸಿಗರ ಒಂದು ಗುಂಪಿಗೆ ದೇವಸ್ಥಾನ ತೋರಿಸುತ್ತಿದ್ದರು. ಮುಗಿಯುವವರೆಗೂ ಕಾದಿದ್ದು, ಹತ್ತಿರ ಹೋಗಿ ಹೇಳಿದೆ:

"ತಪ್ಪು ನಂದೇ. ಪ್ರತಿಜ್ಞೆ ಮಾಡಿದವಳು ನಾನು, ನೀವಲ್ಲ. ಉಪವಾಸ ಇರೋರು ಪಕ್ಕದವರ ಎಲೆ ಎಳ್ಕೋಬಾರದು. ಬನ್ನಿ, ಬೇಕಾದ್ದು ಕದೀರಿ. ನನ್ನ ಕೈಲಿ ಮಾತ್ರ ಸುಳ್ಳು ಹೇಳಿಸ್ಬೇಡಿ, ಅಷ್ಟೇ."

ಅವರ ಮುಖ ಅರಳಿತು. "ಕ್ಲಿನಿಕ್ ಮುಚ್ಚಿ ಇದಕ್ಕೇ ಬಂದ್ರಾ ಮೇಡಂ?" ಅಂದರು. ನನಗೂ ಎದೆ ಹಗುರಾಗಿ, ಹಾಗೇ ಹಿಂದಿನ ಕಂಬಕ್ಕೆ ಬೆನ್ನು ಕೊಟ್ಟೆ.

"ಮೇಡಂ! ಒರಗಬೇಡಿ!"

ಅರಸೀಕೆರೆ ಬಸ್ಸಿನಲ್ಲಿ

ಅರಸೀಕೆರೆಯಲ್ಲಿ ನಮ್ಮಕ್ಕನ ಮನೆ. ಅಲ್ಲಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಮೇಷ್ಟ್ರಿಗೆ ಫೋನ್ ಮಾಡಿದೆ. ಹಿಂದಿನ ವಾರದ ಆಟ ಒಂದು ಧರ್ಮಸಂಕಟದಲ್ಲಿ ನಿಂತಿತ್ತು. ಊರಿನ ಬಾವಿಗೆ ವಿಷ ಹಾಕಿದ್ದ ಮಾಟಗಾತಿ ಮುದುಕಿ ಸಿಕ್ಕಿಬಿದ್ದು, ನನ್ನ ಕಾಲು ಹಿಡಿದಿದ್ದಳು. ಬಸ್ಸಿನ ಸದ್ದಿಗೆ ನಾನೂ ಗಟ್ಟಿಯಾಗೇ ಮಾತಾಡಿದೆ.

"ಇಲ್ಲ ಮೇಷ್ಟ್ರೇ, ಮುದುಕೀನ ಸಾಯಿಸೋಕೆ ನನ್ನ ಮನಸ್ಸು ಒಪ್ತಿಲ್ಲ... ವಿಷ ಹಾಕಿದ್ದು ನಿಜ, ನಾನೇ ಕಣ್ಣಾರೆ ನೋಡಿದೀನಿ... ಆದ್ರೂ ಕಾಲು ಹಿಡ್ಕೊಂಡು ಅತ್ತುಬಿಟ್ಲು... ಭಾನುವಾರ ನೀವೆಲ್ಲಾ ಇರ್ತೀರಲ್ಲ, ಸೇರಿ ತೀರ್ಮಾನ ಮಾಡೋಣ."

ಫೋನ್ ಇಟ್ಟು ನೋಡಿದರೆ ಬಸ್ಸೇ ನಿಶ್ಶಬ್ದ. ಕಂಡಕ್ಟರ್ ನನ್ನ ಸೀಟಿನ ಹತ್ತಿರ ಬರದೆ ದೂರದಿಂದಲೇ ಇಣುಕುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಗಸು ತೊಡೆ ಮೇಲಿನ ಚೀಲವನ್ನು ಅವುಚಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು:

"ಅತ್ತೇನಾ?"

ಶರಣಾಗತಿ

ಕೊನೆಗೂ ಮಹಾಯುದ್ಧದ ಭಾನುವಾರ ಬಂತು. ಮೇಷ್ಟ್ರು ಇಡೀ ರಜೆ ಕೂತು ಮೇಜಿನಗಲ ರಣರಂಗದ ಚಿತ್ರ ಬರೆದಿದ್ದರು. ಯಜಮಾನರು ಒಂದು ದೊಡ್ಡ ಅಗ್ನಿಮಂತ್ರವನ್ನು ಎಷ್ಟೋ ವಾರದಿಂದ ಖರ್ಚು ಮಾಡದೆ ಉಳಿಸಿಕೊಂಡಿದ್ದರು. ಎದುರಿಗೆ ರಾಕ್ಷಸರ ದಂಡು. ನಾನು ಕತ್ತಿ ಎತ್ತಿ ನುಗ್ಗಿ, ದಾಳ ಉರುಳಿಸಿದೆ. ಅಪರೂಪಕ್ಕೆ ಅತಿ ದೊಡ್ಡ ಸಂಖ್ಯೆಯೇ ಬಿತ್ತು. ಮುಂದಿದ್ದ ರಾಕ್ಷಸ ಮಂಡಿಯೂರಿದ.

"ಶರಣು ತಾಯಿ! ಕಾಪಾಡಿ!" ಅಂದರು ಮೇಷ್ಟ್ರು, ರಾಕ್ಷಸನ ಗಡಸು ದನಿಯಲ್ಲಿ.

"ಏಳಪ್ಪಾ, ಇನ್ನು ನಿನ್ನ ಪ್ರಾಣ ನನ್ನ ಹೊಣೆ," ಅಂದೆ.

ಇದನ್ನು ನೋಡಿ ಅವನ ಪಕ್ಕದವನೂ ಶರಣಾದ. ಅವನ ಹಿಂದಿನವನೂ. ಪ್ರತಿಜ್ಞೆ ಪ್ರಕಾರ ನಾನು ಯಾರಿಗೂ ಇಲ್ಲ ಅನ್ನುವಂತಿರಲಿಲ್ಲ. ಟೀ ಆರುವಷ್ಟರಲ್ಲಿ ಮಹಾಯುದ್ಧ ಮುಗಿದು, ನಲವತ್ತು ರಾಕ್ಷಸರು ತಮ್ಮ ಕತ್ತಿಗಳನ್ನು ನನಗೊಪ್ಪಿಸಿ, ನನ್ನ ಹಿಂದೆ ಕೈಕಟ್ಟಿ ನಿಂತಿದ್ದರು. ಮೇಷ್ಟ್ರು ತಮ್ಮ ಚಿತ್ರವನ್ನೇ ನೋಡುತ್ತಾ ನಿಟ್ಟುಸಿರುಬಿಟ್ಟರು. "ಇವರಿಗೆಲ್ಲಾ ಊಟಕ್ಕೇನು ಮಾಡ್ತೀರಿ ಮೇಡಂ?" ಅಂತ ಗೈಡ್ ನಕ್ಕರು.

ಯಜಮಾನರಿಗೆ ಮಾತ್ರ ಅಗ್ನಿಮಂತ್ರ ಮರೆತೇಹೋಗಿತ್ತು. ಅವರ ಕಣ್ಣಲ್ಲಿ ಬೇರೇನೋ ಹೊಳಪು.

"ನಲವತ್ತು ಆಳಾ? ತಾಯಿ, ತೆಂಗಿನ ಮರ ಹತ್ತಕ್ಕೆ ಬತ್ತದಾ ಕೇಳಿ ವಸಿ. ಕಾಯಿ ಬಲಿತು ನಿಂತವೆ, ಕೆಡವಕ್ಕೆ ನಮ್ಮೂರಲ್ಲಿ ಒಬ್ಬನೂ ಸಿಕ್ತಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆಲ್ಲಾ ತೋಟದತ್ರ ಇರ್ಬೇಕು."

ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. ಆಮೇಲೆ ರಾಕ್ಷಸನ ದನಿ ತೆಗೆದು, ಎರಡೂ ಕೈ ಜೋಡಿಸಿ ಹೇಳಿದರು:

"ತಾಯಿ, ಕತ್ತಿ ವಾಪಸ್ ಕೊಡಿ. ಯುದ್ಧಾನೇ ಮಾಡೋಣ."