ಹೆಬ್ಬೆರಳಿನ ಫಿರ್ಯಾದು

ನೋವಿನ ವಿಷಯದಲ್ಲಿ ನನ್ನನ್ನು ಯಾರಾದರೂ ಪಂಡಿತನೆಂದು ಕರೆದರೆ ನಾನು ಸಂಕೋಚಪಡುವುದಿಲ್ಲ. ನೋವುಗಳನ್ನು ನಮ್ಮ ಆಫೀಸಿನ ನೌಕರರ ಹಾಗೆ ಹಂಗಾಮಿ ಮತ್ತು ಖಾಯಂ ಎಂದು ನಾನು ವಿಂಗಡಿಸಿದ್ದೇನೆ. ಈಳಿಗೆ ತಾಗಿ ಬೆರಳು ಕೊಯ್ದುಕೊಂಡರೆ ಅದು ಹಂಗಾಮಿ. ಎಚ್ಚರಿಕೆ ಕೊಟ್ಟು, ಗಾಯ ಮಾಯುವ ತನಕ ಕಾವಲಿದ್ದು, ಮರ್ಯಾದೆಯಿಂದ ಹೊರಟುಹೋಗುತ್ತದೆ. ಖಾಯಂ ನೋವಿಗೆ ಇಂಥ ಕೆಲಸವೇನೂ ಇಲ್ಲ, ಆದರೂ ದಿನಾ ಹಾಜರಿ. ಇವುಗಳಲ್ಲಿ ಮತ್ತೆ ಚುಚ್ಚುವುದು, ಉರಿಯುವುದು, ಸೆಳೆಯುವುದು ಎಂಬ ಒಳಪಂಗಡಗಳುಂಟು. ನನ್ನ ಎಡಗಾಲಿನ ಹೆಬ್ಬೆರಳಿಗೆ ಬಂದದ್ದು ಮಾತ್ರ ಯಾವ ಪಂಗಡಕ್ಕೂ ಸೇರದೆ, ಎಲ್ಲರ ಮನೆಯಿಂದಲೂ ಸ್ವಲ್ಪ ಸ್ವಲ್ಪ ಕಡ ತಂದಂತಿತ್ತು.

ಆಗ ನಾವು ಮುಂಬಯಿಯ ಭಾಂಡುಪಿನಲ್ಲಿದ್ದೆವು. ನನ್ನ ಹೆಂಡತಿ ಸುಶೀಲೆ ಧಾರವಾಡದವಳು. ಮದ್ದು ಹಚ್ಚುವ ಮೊದಲು ಅವಳು ಆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬಾವಿಲ್ಲ, ಕೆಂಪಿಲ್ಲ. "ಇದಕ್ಕೇನಾಗೇದರೀ? ನಿಮಗಿಂತಾ ಛಲೋ ಅದ" ಎಂದಳು. ಆದರೂ ಅರಿಸಿನ ಹಚ್ಚಿದಳು, ಮುಲಾಮು ತಿಕ್ಕಿದಳು, ಉಪ್ಪಿನ ಬಿಸಿನೀರಿನಲ್ಲಿ ಅದ್ದಿಸಿದಳು. ಬೆರಳು ಎಲ್ಲ ಉಪಚಾರವನ್ನೂ ಅಳಿಯನ ಹಾಗೆ ಸ್ವೀಕರಿಸಿತು, ಉಪಕಾರ ಸ್ಮರಿಸಲಿಲ್ಲ. ಅಷ್ಟರಲ್ಲಿ ಅದರ ಆಡಳಿತ ಇಡೀ ಶರೀರಕ್ಕೆ ಹಬ್ಬಿತ್ತು. ಕುಂಟಿದ್ದರಿಂದ ಬಲಮಂಡಿಯೂ ನೋಯತೊಡಗಿತು. ನಿದ್ದೆ ಹೋಯಿತು, ಹಸಿವು ಹೋಯಿತು, ಬೆನ್ನಿನ ಸ್ನಾಯು ಹಲಗೆಯಾಯಿತು. ಸಿಟ್ಟು ಮಾತ್ರ ಬಂತು. ಸಾರಿಗೆ ಉಪ್ಪು ಸರಿಯಾಗಿದ್ದ ದಿನವೂ ನಾನು ರೇಗಿದೆನೆಂದು ಸುಶೀಲೆ ಇಂದಿಗೂ ನೆನೆಸುತ್ತಾಳೆ.

ಕೊನೆಗೆ ಸಯನ್ನಿನ ರಾವ್ ಡಾಕ್ಟರ ಬಳಿ ಹೋದೆ. ಮಂಗಳೂರು ಕಡೆಯವರು. ಅವರು ಬೆರಳನ್ನು ನೋಡಲೇ ಇಲ್ಲ. ನನ್ನನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದ ಹಾಗೆ ಕಾಲನ್ನು ಮೇಲಕ್ಕೆತ್ತಿದರು. ನನ್ನ ಕೂಗಿಗೆ ಹೊರಗೆ ಕೂತಿದ್ದ ರೋಗಿಯೊಬ್ಬರು ತಮಗೆ ಗುಣವಾಯಿತೆಂದು ಎದ್ದುಹೋದರಂತೆ.

"ಎಂತ ಮಾರಾಯ್ರೆ, ಪಾಪದ ಬೆರಳಿಗೆ ಯಾಕೆ ಬೈಯ್ತೀರಿ?" ಎಂದರು. "ಸೊಂಟದಿಂದ ಪಾದದವರೆಗೆ ಒಂದು ದೊಡ್ಡ ನರ ಉಂಟು, ತಂತಿ ಇದ್ದ ಹಾಗೆ. ನಡುವೆ ಎಲ್ಲಿ ಒತ್ತಿದರೂ ಮಿದುಳಿಗೆ ಬೆರಳಿನ ವಿಳಾಸವೇ ಹೋಗ್ತದೆ. ತಪ್ಪು ಪೃಷ್ಠದ್ದು, ಫಿರ್ಯಾದು ಬೆರಳಿನದ್ದು. ನೀವು ಕೂತುಕೊಳ್ಳುವುದು ಹೇಗೆ?"

ನಾನು ಹೆಮ್ಮೆಯಿಂದ ಅವರ ಬೆಂಚಿನ ತುದಿಗೆ ಒಂದೇ ಪಕ್ಕ ಊರಿ ಕೂತು ತೋರಿಸಿದೆ. ಡಾಕ್ಟರು ಹಣೆ ಒತ್ತಿಕೊಂಡರು. "ಲೋಕಲ್ಲಿನ ನಾಲ್ಕನೇ ಸೀಟು! ಅದನ್ನು ಬಿಟ್ಟುಬಿಡಿ ಮಾರಾಯ್ರೆ."

ಹೇಳುವುದು ಸುಲಭ. ಲೋಕಲ್ ಗಾಡಿಯ ಬೆಂಚನ್ನು ರೈಲ್ವೆಯವರು ಮೂವರಿಗೆಂದು ಮಾಡಿದ್ದಾರೆ; ನಾಲ್ಕನೆಯವನನ್ನು ಕೂರಿಸಿದ್ದು ಮುಂಬಯಿಯ ದೊಡ್ಡ ಮನಸ್ಸು. ಅವನ ಒಂದು ಪಕ್ಕ ಬೆಂಚಿನ ಮೇಲೆ, ಇನ್ನೊಂದು ಪಕ್ಕ ಓಡಾಡುವ ದಾರಿಯ ಗಾಳಿಯಲ್ಲಿ. ಆಫೀಸಿರುವ ಬೋರಿಬಂದರಿನವರೆಗೆ ಇಡೀ ದೇಹದ ಭಾರ ಆ ಒಂದೇ ಪಕ್ಕದ್ದು. ನನ್ನದು ಎಡಪಕ್ಕ. ಈ ಸೀಟು ಸುಮ್ಮನೆ ಸಿಕ್ಕದ್ದಲ್ಲ. ವರ್ಷಗಟ್ಟಲೆ ನಿಂತು, ಕೂತವರ ಚೀಲ ಹಿಡಿದು, ಅವರ ಮಕ್ಕಳ ಪರೀಕ್ಷೆಯ ಫಲಿತಾಂಶ ವಿಚಾರಿಸಿ ಗಳಿಸಿದ್ದು. ಆಫೀಸಿನಲ್ಲಿ ನನಗೆ ಬಡ್ತಿ ಸಿಕ್ಕಿರಲಿಲ್ಲ, ಗಾಡಿಯಲ್ಲಿ ಸಿಕ್ಕಿತ್ತು. ನಮ್ಮ ಬೆಂಚಿನ ಹಿರಿಯರು ಬೆಳಗಾವಿಯ ಕುಲಕರ್ಣಿ. ಅವರಿಗೆ ಡಾಕ್ಟರ ಮಾತು ಹೇಳಿದೆ. "ಬಿಟ್ಟ ನೋಡ್ರಿ, ನಾಳಿಗೆ ಠಾಣಾದಾಗ ಹತ್ತಿದವ ಯಾವನರೆ ಕೂಡ್ತಾನ. ಆಮ್ಯಾಲ ಬೆರಳ ನೆಟ್ಟಗಿದ್ದರೂ ನಿಂತs ಹೋಗಬೇಕಾಗ್ತದ" ಎಂದರು. ಬೆರಳು ಉಳಿಸಿಕೊಳ್ಳಬೇಕೋ, ಸೀಟು ಉಳಿಸಿಕೊಳ್ಳಬೇಕೋ?

ನಾನು ಎರಡನ್ನೂ ಉಳಿಸಿದೆ. ಒತ್ತಡ ಎಡಗಡೆ ಎಂದಾದ ಮೇಲೆ ಪರಿಹಾರ ಬಲಗಡೆಯೇ ಅಲ್ಲವೆ? ಕುಲಕರ್ಣಿಯವರ ವಶೀಲಿಯಿಂದ ದಾರಿಯ ಆಚೆ ಸಾಲಿನ ನಾಲ್ಕನೇ ಸೀಟಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿ ಗಾಳಿಯಲ್ಲಿರುವುದು ಎಡಪಕ್ಕ. ತಿಂಗಳೊಳಗೆ ಎಡ ಹೆಬ್ಬೆರಳು ಫಿರ್ಯಾದು ವಾಪಸು ತೆಗೆದುಕೊಂಡಿತು. ನಾನು ನೆಟ್ಟಗೆ ನಡೆದೆ, ಸಾರನ್ನು ಹೊಗಳಿದೆ, ನರಮಂಡಲದ ಬಗ್ಗೆ ನೆರೆಹೊರೆಯವರಿಗೆ ಕೇಳದಿದ್ದರೂ ಉಪನ್ಯಾಸ ಮಾಡಿದೆ.

ಒಂದು ಮುಂಜಾನೆ ಬೂಟು ಹಾಕಿಕೊಳ್ಳುವಾಗ ಬಲಗಾಲಿನ ಹೆಬ್ಬೆರಳಿನಲ್ಲಿ ಹಳೆಯ ಪರಿಚಯದ ಚಳುಕು ಹೊಡೆಯಿತು. ನನ್ನ ಮುಖ ನೋಡಿಯೇ ಸುಶೀಲೆ ಮುಲಾಮಿನ ಡಬ್ಬಿ ತಂದು ಕಾಲ ಬಳಿ ಕೂತಳು. "ಆ ಸೀಟ್ ಬಿಡ್ರೆಂದ್ರ ಬಿಡೂದಿಲ್ಲ. ಎಲ್ಲೆ, ಈ ಬೆರಳಿಗೇನು?"

ಆದರೆ ಈ ಸಲ ನಾನು ಮೋಸಹೋಗಲಿಲ್ಲ. ಶಾಸ್ತ್ರ ಬಲ್ಲವನ ಗಾಂಭೀರ್ಯದಿಂದ ಗೋಡೆಯ ಕಡೆಗೆ ತಿರುಗಿ, ಬಲಪೃಷ್ಠದ ಸರಿಯಾದ ಜಾಗವನ್ನು ಬೆರಳಿಟ್ಟು ತೋರಿಸಿದೆ. ನೋವೇನೂ ಕಡಿಮೆಯಾಗಲಿಲ್ಲ; ಆದರೆ ವಿಳಾಸ ಮಾತ್ರ ತಪ್ಪಿರಲಿಲ್ಲ.