ಉಣ್ಣೋ ಕೈಯ ವ್ಯಾಯಾಮ

ಬಸ್ಸಿನ ಕಿಟಕಿಯೊಳಗೆ ಮುಖ ಒರೆಸುವ ದಸ್ತಿ ಎಸೆದು ಸೀಟು ಹಿಡಿಯುವ ವಿದ್ಯೆಯಲ್ಲಿ ಚಿತ್ತಾಪುರದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದೇ ನಾನು ತಿಳಿದಿದ್ದೆ. ಹನ್ನೊಂದು ವರ್ಷದಿಂದ ಸೇಡಂಗೆ ನೌಕರಿಗೆ ಹೋಗಿ ಬರುವವನು. ನಿಲ್ಲುವ ಮೊದಲೇ ಬಸ್ಸಿನ ಪಕ್ಕ ಓಡಿ ಬಲಗೈ ಒಮ್ಮೆ ಬೀಸಿದರೆ ದಸ್ತಿ ಮೂರನೇ ಸೀಟಿನ ಮೇಲೆ! ಒಂದು ದಿನ ದಸ್ತಿಯ ಜೊತೆ ಕೈಯೂ ಹೊರಟಿತು. ಭುಜದ ಕೀಲು ಜಾರಿತ್ತು. ಆಸ್ಪತ್ರೆಯಲ್ಲಿ ಕೀಲು ಕೂಡಿಸಿದರು. ಮತ್ತೆ ಎಸೆದೆ, ಮತ್ತೆ ಜಾರಿತು. ಮೂರನೇ ಸಲ ಕಲಬುರಗಿಯ ಡಾಕ್ಟರು, "ಇನ್ನ ಆಪರೇಷನ್ನೇ ಆಗಬೇಕ್ರಿ" ಎಂದರು.

ಆಪರೇಷನ್ ಸುಸೂತ್ರವಾಗಿ ಆಯಿತು.

"ಕೀಲಿನ ಚಿಂತಿ ಬಿಡ್ರಿ. ಆದ್ರ ವ್ಯಾಯಾಮ ತಪ್ಪಿಸಿದ್ರಿ ಅಂದ್ರ ಭುಜ ಬಿಗಿತದ, ಕೈ ಮ್ಯಾಲ ಏಳಲ್ಲ," ಎಂದು ಡಾಕ್ಟರು ಎಚ್ಚರಿಸಿದರು.

ಕೈ ಏಳದಿದ್ದರೆ ದಸ್ತಿ ಎಸೆಯುವುದು ಹೇಗೆ? ಸೀಟು ಹಿಡಿಯುವುದು ಹೇಗೆ? ಆ ಕ್ಷಣವೇ ನಾನು ಆದರ್ಶ ರೋಗಿಯಾಗಲು ತೀರ್ಮಾನಿಸಿದೆ!

ಕೆಲವು ವಾರಗಳ ಮೇಲೆ, ಬಲಗೈ ಇನ್ನೂ ಕೊರಳ ಪಟ್ಟಿಯಲ್ಲಿ ತೂಗುತ್ತಿದ್ದಾಗ, ವ್ಯಾಯಾಮ ಹೇಳಿಕೊಡುವ ಆಸ್ಪತ್ರೆಯ ಮೇಡಂ ಫೋನ್ ಮಾಡಿದರು.

"ಎಡ, ಬಲ ಅಂತ ತಲಿ ಕೆಡಿಸ್ಕೋಬ್ಯಾಡ್ರಿ ಸರ. ನಿಮ್ದು ಉಣ್ಣೋ ಕೈ ಅದ ನೋಡ್ರಿ, ಅದರ ಬೆರಳು ಗ್ವಾಡಿ ಮ್ಯಾಲ ಇಟ್ಟು ಮೆಲ್ಲಕ ಮ್ಯಾಲ ಏರಸ್ರಿ. ದಿನಾ ಮೂರು ಸಲ..." ಅಷ್ಟರಲ್ಲಿ ರೇಂಜ್ ಹೋಯಿತು.

ಉಣ್ಣೋ ಕೈ! ನಾನು ಗೊಂದಲಕ್ಕೆ ಬಿದ್ದೆ. ಹೆಂಡತಿ ಮಹಾದೇವಿ ಬಳಿ ವಿಷಯ ಮಂಡಿಸಿದೆ.

"ಈಗ ಯಾವ ಕೈಲೆ ಉಣ್ಣಾಕತ್ತೀರಿ?" ಎಂದು ಕೇಳಿದಳು.

"ಎಡಗೈಲೆ. ಚಮಚ ಹಿಡ್ಕೊಂಡು."

"ಮತ್ತ ಅದೇ! ಇದರಾಗ ತಿಳೀಲಾರದ್ದು ಏನದ?"

ಆದರೂ ಅನುಮಾನ ಹೋಗಲಿಲ್ಲ. ಏನೂ ಆಗದ ಕೈಗೆ ವ್ಯಾಯಾಮ ಯಾಕೆ? ವಾಡಿಯಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದ ಪಕ್ಕದ ಮನೆಯ ಖಾಜಾಸಾಬರು ಅದನ್ನೂ ಬಗೆಹರಿಸಿದರು. "ಚಲೋ ಕೈ ನೋಡಿ ಖರಾಬ್ ಕೈ ಕಲಿತದ್ರಿ ಸರ. ಹೊಸಾ ಪದ್ಧತಿ ಇರಬೇಕು!"

ಮರುದಿನದಿಂದ ಶಿಸ್ತಿನ ವ್ಯಾಯಾಮ ಶುರುವಾಯಿತು. ಕೈ ಎಷ್ಟು ಏರಿತೆಂದು ಮಹಾದೇವಿ ಸೀಮೆಸುಣ್ಣದಲ್ಲಿ ಗೋಡೆಗೆ ಗೆರೆ ಎಳೆಯುತ್ತಿದ್ದಳು. ಮೊದಲ ದಿನವೇ ಎಡಗೈ ಕ್ಯಾಲೆಂಡರಿನ ಮೊಳೆ ದಾಟಿತು! ಇಷ್ಟು ಬೇಗ ಗುಣವಾಗುತ್ತಿರುವುದಕ್ಕೆ ನನಗೇ ಆಶ್ಚರ್ಯ. ಮನೆಗೆ ಬಂದವರಿಗೆಲ್ಲ ಗೆರೆ ತೋರಿಸಿದೆ. ಬಲಗೈ ಪಟ್ಟಿಯೊಳಗಿಂದ ಎಲ್ಲವನ್ನೂ ನೋಡಿ ಕಲಿಯುತ್ತಿತ್ತು.

ತಿಂಗಳ ಮೇಲೆ ಗಂಡ ಹೆಂಡತಿ ಕಲಬುರಗಿಗೆ ಹೋದೆವು. ಮೇಡಂ ಪಟ್ಟಿ ಬಿಚ್ಚಿ, "ಎತ್ರಿ ಸರ, ನೋಡೋಣು" ಎಂದರು. ನಾನು ಹೆಮ್ಮೆಯಿಂದ ಎಡಗೈ ಎತ್ತಿದೆ.

"ಅದಲ್ರೀ! ಆಪರೇಷನ್ ಆಗಿದ್ದು!"

ಬಲಗೈ ಎತ್ತಿದೆ. ಎದೆಯ ಮಟ್ಟಕ್ಕೂ ಬರಲಿಲ್ಲ. ನನ್ನದೇ ಕೈ, ನನ್ನ ಮಾತು ಕೇಳುತ್ತಿಲ್ಲ. ನಿಜವಾಗಿ ಹೆದರಿದೆ. ಉಣ್ಣೋ ಕೈಯ ಕಥೆಯನ್ನು ಮಹಾದೇವಿಯೇ ಹೇಳಬೇಕಾಯಿತು. ಮೇಡಂ ಹಣೆ ಒತ್ತಿಕೊಂಡರು.

"ಭುಜ ಬಿಗಿದದ. ಹೆದರಬ್ಯಾಡ್ರಿ, ಸಡಿಲ ಆಗ್ತದ. ಆದ್ರ ಇನ್ನೂ ಭಾಳ ತಿಂಗಳು ಹಿಡಿತದ. ಬಸ್ಸಿಗೆ ದಸ್ತಿ ಒಗಿಯೋದು ಅಂತೂ ಬಂದ್!" ಎಂದು ಹೇಳಿ, ನನ್ನ ಬಲ ಅಂಗೈ ಮೇಲೆ ಪೆನ್ನಿನಿಂದ ದಪ್ಪಗೆ "ಇದು" ಎಂದು ಬರೆದರು.

ಬಸ್ ಸ್ಟ್ಯಾಂಡಿಗೆ ಬಂದಾಗ ಚಿತ್ತಾಪುರದ ಬಸ್ಸಿಗೆ ಜನ ಮುಗಿಬಿದ್ದಿದ್ದರು. ನೂಕುನುಗ್ಗಲಿಗೆ ಹೆದರಿ ನನ್ನ ಬಲಗೈ ಮತ್ತೆ ಪಟ್ಟಿಯಲ್ಲಿ. ಇನ್ನು ನಿಂತೇ ಹೋಗುವುದೆಂದು ನಿಟ್ಟುಸಿರು ಬಿಟ್ಟೆ. ಮಹಾದೇವಿಯ ಬಲಗೈಯಲ್ಲಿ ಔಷಧಿ ಚೀಲ, ಎಕ್ಸ್‌ರೇ. ಆಕೆ ನನ್ನ ಜೇಬಿನಿಂದ ದಸ್ತಿ ಎಳೆದುಕೊಂಡು, ಇನ್ನೊಂದು ಕೈಯಿಂದ ಕಿಟಕಿಯೊಳಗೆ ಬೀಸಿದಳು. ದಸ್ತಿ ಮೂರನೇ ಸೀಟಿನ ಮೇಲೆ!

ಹತ್ತಿ ಕುಳಿತ ಮೇಲೆ ಬೆರಗಿನಿಂದ ಕೇಳಿದೆ, "ಎಡಗೈಲೆ ಒಗದ್ಯಾ?"

"ಹೂಂ ಮತ್ತ. ಎಡಗೈಲೆ ಒಗದ್ರ ಬಸ್ನ್ಯಾವರು ಬ್ಯಾಡ ಅಂತಾರೇನು?"

ಹನ್ನೊಂದು ವರ್ಷ, ಮೂರು ಸಲ ಜಾರಿದ ಭುಜ, ಒಂದು ಆಪರೇಷನ್. ಒಮ್ಮೆಯೂ ನನಗೆ ಇದು ಹೊಳೆದಿರಲಿಲ್ಲ. ತೊಡೆಯ ಮೇಲೆ ನನ್ನ ಎಡಗೈ ಸುಮ್ಮನೆ ಬಿದ್ದಿತ್ತು. ತಿಂಗಳಿಡೀ ವ್ಯಾಯಾಮ ಮಾಡಿ ಗಟ್ಟಿಮುಟ್ಟಾದ ಕೈ!