ಕರಿಯಪ್ಪನವರ ಹಸ್ತಕ್ಷೇಪ

ವಿಶ್ವ ವೈವಿಧ್ಯ ಪೂರೈಕೆದಾರರ ದೃಢೀಕರಣ ಕೇಂದ್ರದ ಮಂಡ್ಯ ಶಾಖೆಯಲ್ಲಿ ನೋಂದಣಿಯಾಗಿದ್ದ ಮಹಿಳಾ ಒಡೆತನದ ಉದ್ದಿಮೆಗಳೆಲ್ಲವನ್ನೂ ಗಂಡಸರೇ ನಡೆಸುತ್ತಿದ್ದು, ಈ ವ್ಯವಸ್ಥೆಯ ಬಗ್ಗೆ ಯಾರಿಂದಲೂ ಯಾವುದೇ ದೂರು ಬಂದಿರಲಿಲ್ಲ. ತೊಂದರೆ ಶುರುವಾದದ್ದು ಪೂರಿಗಾಲಿಯ ಚಿಕ್ಕಬೋರಮ್ಮನಿಂದ. ಆಕೆ ತನ್ನ ಆಲೆಮನೆಯನ್ನು ತಾನೇ ನಡೆಸುತ್ತಿದ್ದಳು.

ನಡೆಸುವುದೆಂದರೆ ಬರೀ ಹೆಸರಿಗಲ್ಲ. ಗದ್ದೆಗಳಿಗೆ ಹೋಗಿ ಕಬ್ಬು ನೋಡಿ ಬೆಲೆ ಮಾತಾಡಿ ಬರುವವಳು ಅವಳೇ. ಗಾಣ ಕೆಟ್ಟರೆ ಮಳವಳ್ಳಿಗೆ ಹೋಗಿ, ಊಟಕ್ಕೆ ಕೂತ ಮೆಕ್ಯಾನಿಕ್ಕನನ್ನು ಕೈ ತೊಳೆಸಿ ಕರೆತರುವವಳೂ ಅವಳೇ. ಕೊಪ್ಪರಿಗೆಯಲ್ಲಿ ಪಾಕ ಉಕ್ಕುವ ಹೊತ್ತಿಗೆ ಅವಳ ಬಾಯಿಗೆ ಎದುರು ನಿಲ್ಲುವ ಗಂಡಸು ಆ ಸುತ್ತಿನಲ್ಲಿ ಹುಟ್ಟಿರಲಿಲ್ಲ. ಬಿಹಾರದಿಂದ ಬಂದ ಆಳುಗಳನ್ನು ಅಪ್ಪಟ ಪೂರಿಗಾಲಿ ಕನ್ನಡದಲ್ಲಿ ಬೈಯುತ್ತಿದ್ದಳು. ಅವರಿಗೆ ಜ್ವರ ಬಂದರೆ ಮೆಣಸಿನ ಸಾರು ಕಾಯಿಸಿ ಕುಡಿಸಿ, ಮತ್ತೆ ಬೈಯುತ್ತಿದ್ದಳು. ಗಂಡ ಕರಿಯಪ್ಪ ಎದೆನೋವು ಬಂದು ತೀರಿಕೊಂಡು ವರ್ಷಗಳೇ ಆಗಿದ್ದವು. ಈಗ ಅವನು ಆಲೆಮನೆಯ ಗೋಡೆಯ ಮೇಲೆ, ಒಲೆಗೆ ಎದುರಾಗಿ, ಗಾಜಿನ ಪಟದೊಳಗೆ ಹುರಿಮೀಸೆ ಸಮೇತ ಇದ್ದ.

ಅವಳ ಬೆಲ್ಲವನ್ನೆಲ್ಲ ಕೊಳ್ಳುತ್ತಿದ್ದವನು ಮದ್ದೂರಿನಲ್ಲಿದ್ದ ಮೈದುನ ಶಿವರಾಮು. ಅವನು ಅದನ್ನು ಪುಡಿ ಮಾಡಿಸಿ, ಮಿರಿಮಿರಿ ಮಿಂಚುವ ಪೊಟ್ಟಣಕ್ಕೆ ತುಂಬಿಸಿ, ಹೊರದೇಶದ ಬಿಸ್ಕತ್ತು ಕಂಪನಿಯೊಂದಕ್ಕೆ ಕಳಿಸುತ್ತಿದ್ದ. ಪೊಟ್ಟಣದ ಮೇಲೆ 'ದೀಪಿಕಾ ನ್ಯಾಚುರಲ್ಸ್' ಎಂದಿತ್ತು. ದೀಪಿಕ ಅವನ ಹೆಂಡತಿ. ಆ ಕಂಪನಿಯವರು ಹೆಂಗಸರ ಒಡೆತನದ ಉದ್ದಿಮೆಗಳಿಂದಲೇ ಬೆಲ್ಲ ಕೊಳ್ಳುವ ಶಪಥ ಮಾಡಿದ್ದರಿಂದ, ಶಿವರಾಮುವಿಗೆ ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಗೌರವ ಹುಟ್ಟಿ, ಎಲ್ಲವನ್ನೂ ಅವಳ ಹೆಸರಿಗೆ ಮಾಡಿಸಿದ್ದ.

ಆ ವರ್ಷ ಅವನು ಅತ್ತಿಗೆಗೆ ಕೊಡುವ ಬೆಲೆಯನ್ನು ಕೊರೆಯುತ್ತಾ ಕೊರೆಯುತ್ತಾ ಬಂದು, ಕೊನೆಗೆ, "ಯಾಕತ್ಗೆ ಈ ವಯಸ್ನಲ್ಲಿ ಒಲೆ ಮುಂದೆ ಒಗೆ ಕುಡೀತೀಯ? ಆಲೆಮನೆ ನಂಗೆ ಬುಟ್ಬುಡು, ಮನೇಲಿ ತಣ್ಣಗೆ ಕೂತ್ಕೊ" ಎಂದ. ಚಿಕ್ಕಬೋರಮ್ಮನಿಗೆ ತಣ್ಣಗೆ ಕೂರುವ ಅಭ್ಯಾಸವೇ ಇರಲಿಲ್ಲ. ಆದರೆ ಅವನು ಕೊಳ್ಳದಿದ್ದರೆ ಒಲೆ ಆರುತ್ತದೆ, ಒಲೆ ಆರಿದರೆ ಆಲೆಮನೆ ಅವನದಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಕಿವಿಯಲ್ಲಿ ಗುಟ್ಟು ಹೇಳಿದವಳು ವಾರಗಿತ್ತಿ ದೀಪಿಕಳೇ. "ಅಕ್ಕಾ, ನೀನೇ ನೇರವಾಗಿ ಕಳ್ಸು. ಹೆಂಗಸ್ರೇ ನಡ್ಸಾದು ಅಂತ ಮಂಡ್ಯದಲ್ಲಿ ಅದೇನೋ ಪತ್ರ ಕೊಡ್ತಾರಂತೆ, ಅದಿದ್ರೆ ಸಾಕಂತೆ. ನಂಗೇ ಕೊಟ್ಟವ್ರೆ ಅಂದ್ಮೇಲೆ ನಿಂಗೆ ಕೊಡಾಕಿಲ್ವಾ?"

ಹೀಗೆ ಚಿಕ್ಕಬೋರಮ್ಮ ಮಂಡ್ಯದಲ್ಲಿ, ಮಿಕ್ಸಿ ರಿಪೇರಿ ಅಂಗಡಿಯ ಮಹಡಿಯ ಮೇಲಿದ್ದ ಕೇಂದ್ರಕ್ಕೆ ಬಂದಳು.

ಶಾಖಾಧಿಕಾರಿ ಸಂಪತ್ ಕುಮಾರರು ಬಲು ಸಂಭಾವಿತರು. ಯಾರಿಗಾದರೂ ಉಪಕಾರ ಮಾಡುವ ಸಲುವಾಗಿ ಕೂಡ ಅವರು ಒಂದು ನಿಯಮವನ್ನೂ ಮುರಿದವರಲ್ಲ. ಆಕೆಯನ್ನು ಕೂರಿಸಿ, ನೀರು ಕೊಟ್ಟು, ಕಾಗದಗಳನ್ನೆಲ್ಲ ನೋಡಿ, ಒಂದು ಕಡೆ ಬೆರಳಿಟ್ಟರು.

"ಅಮ್ಮಾ, ಉದ್ದಿಮೆಯನ್ನು ಮಹಿಳೆಯೇ ನಡೆಸುತ್ತಿದ್ದಾರೆ ಎನ್ನುವುದಕ್ಕೆ ಗಂಡನ ಒಪ್ಪಿಗೆ ಪತ್ರ ಬೇಕು. 'ನನ್ನ ಹೆಂಡತಿಯ ವ್ಯವಹಾರದಲ್ಲಿ ನಾನು ಹಸ್ತಕ್ಷೇಪ ಮಾಡುವುದಿಲ್ಲ' ಅಂತ."

"ಅವ್ರು ತೀರ್ಕಂಡವ್ರೆ ಸ್ವಾಮಿ. ಅದ್ಕಿಂತ ಇನ್ನೆಂಗೆ ಸುಮ್ಕಿರಾಕಾದಾದು?"

"ತೀರಿಕೊಂಡದ್ದಕ್ಕೆ ಮರಣ ಪತ್ರ ಇದೆ, ಸರಿ. ಆದರೆ ಅದರಲ್ಲಿ ತೀರಿಕೊಂಡಿದ್ದಾರೆ ಅಂತ ಮಾತ್ರ ಇದೆ. ಹಸ್ತಕ್ಷೇಪದ ವಿಚಾರ ಅದರಲ್ಲಿ ಎಲ್ಲೂ ಇಲ್ಲ."

"ದೀಪಿಕಂಗೆ ಎಂಗ್ ಕೊಟ್ರಿ ಅಂಗಾರೆ?"

ಸಂಪತ್ ಕುಮಾರರು ಆ ಪ್ರಕರಣವನ್ನು ಹೆಮ್ಮೆಯಿಂದ ನೆನೆಸಿಕೊಂಡರು. ಪರಿಶೀಲನೆಯ ದಿನ, ನಿಮ್ಮ ಸಂಸ್ಥೆ ಏನು ತಯಾರಿಸುತ್ತದೆ ಎಂದು ದೀಪಿಕಳನ್ನು ಕೇಳಿದ್ದರು. ಅವಳು ಗಂಡನ ಮುಖ ನೋಡಿದ್ದಳು. ಶಿವರಾಮು ಮೇಲಿನ ಫ್ಯಾನು ನೋಡುತ್ತಾ, "ನಾನು ತಲೆ ಹಾಕಲ್ಲ ಸಾರ್, ಅವಳನ್ನೇ ಕೇಳಿ" ಎಂದಿದ್ದ. ಆಗ ದೀಪಿಕ, "ಅದೇ, ಇವ್ರು ಮಾಡ್ಸಾದು" ಎಂದಿದ್ದಳು. ಅಧಿಕಾರಿಗಳು 'ಪತಿಯು ಎದುರಿಗೇ ಇದ್ದರೂ ಬಾಯಿ ಹಾಕಲಿಲ್ಲ, ಅತ್ಯಂತ ತೃಪ್ತಿಕರ' ಎಂದು ಬರೆದಿದ್ದರು.

"ಗಂಡ ಇದ್ದೂ ತಲೆ ಹಾಕದೆ ಇರುವುದು ದೊಡ್ಡದಮ್ಮಾ" ಎಂದರು ಸಂಪತ್ ಕುಮಾರರು. "ಇಲ್ಲದೆ ತಲೆ ಹಾಕದೆ ಇರುವುದರಲ್ಲಿ ಏನು ಹೆಚ್ಚುಗಾರಿಕೆ? ಆದರೂ ನಾನು ಬಂದು ಸ್ಥಳ ನೋಡುತ್ತೇನೆ."

ಹೇಳಿದಂತೆ ಬಂದರು. ಬೆಳಗಿನ ಬಸ್ಸಿನಲ್ಲಿ ಇಳಿದು, ಪ್ಯಾಂಟು ಮಡಿಸಿಕೊಂಡು ಕಬ್ಬಿನ ಸಿಪ್ಪೆಯ ರಾಶಿ ದಾಟಿ, ಆಲೆಮನೆಯ ಮೂಲೆಯಲ್ಲಿ ನಿಂತರು. ಆಳುಗಳು ಒಲೆಗೆ ಸಿಪ್ಪೆ ಒಡ್ಡಿ ಕಾಯುತ್ತಿದ್ದರು. ಚಿಕ್ಕಬೋರಮ್ಮ ಎಂದಿನಂತೆ ಸೆರಗಿನಿಂದ ಪಟದ ಗಾಜು ಒರೆಸಿ, ಕುಂಕುಮ ಇಟ್ಟು, ಎಂದಿನಂತೆ ಕೇಳಿದಳು:

"ಒಲೆ ಅಚ್ಲಾ ಅಂಗಾರೆ?"

"ಊಂ, ಸರಿ" ಎಂದು ತಾನೇ ಹೇಳಿಕೊಂಡು ಒಲೆ ಹಚ್ಚಿದಳು. ಕರಿಯಪ್ಪ ಬದುಕಿದ್ದಾಗಲೂ ಅವಳು ಹೀಗೇ ಕೇಳುತ್ತಿದ್ದದ್ದು. ಆಗಲೂ ಅವನ ಉತ್ತರಕ್ಕೆ ಕಾಯುತ್ತಿರಲಿಲ್ಲ. ಆದರೆ ಇದು ಹೊರಗಿನವರಿಗೆ ತಿಳಿಯುವ ಸಂಗತಿಯಲ್ಲ. ಆಮೇಲೆ ಅವಳು ಗಾಣಕ್ಕೆ ಕಬ್ಬು ಕೊಡಿಸಿದ್ದು, ಪಾಕದ ಹದ ನೋಡಿ ಇಳಿಸಿದ್ದು, ಆಳುಗಳ ಮೇಲೆ ಹರಿಹಾಯ್ದದ್ದು ಎಲ್ಲವನ್ನೂ ಸಂಪತ್ ಕುಮಾರರು ನೋಡಿದರು. ಬಿಸಿ ಬೆಲ್ಲವನ್ನು ಬಾಳೆ ಎಲೆಯಲ್ಲಿ ಕೊಟ್ಟಾಗ ತಿಂದು, ಕಣ್ಣು ಮುಚ್ಚಿ ತಲೆದೂಗಿದರು. ವಾರ ಕಳೆಯುವುದರೊಳಗೆ ಅವರ ವರದಿ ಬಂತು.

'ಸ್ಥಳ ಪರಿಶೀಲನೆಯ ವೇಳೆ, ಅರ್ಜಿದಾರರು ಪತಿ ಶ್ರೀ ಕರಿಯಪ್ಪನವರ (ಮೃತರು) ಅನುಮತಿ ಪಡೆದ ನಂತರವೇ ಉತ್ಪಾದನೆ ಆರಂಭಿಸಿದ್ದು ಕಣ್ಣಾರೆ ಕಂಡುಬಂದಿರುತ್ತದೆ. ಉದ್ದಿಮೆಯ ದಿನನಿತ್ಯದ ತೀರ್ಮಾನಗಳಲ್ಲಿ ಸದರಿ ಕರಿಯಪ್ಪನವರು ಹಸ್ತಕ್ಷೇಪ ಮಾಡುತ್ತಿರುವುದು ಇದರಿಂದ ಸ್ಪಷ್ಟ. ಬೆಲ್ಲ ಚೆನ್ನಾಗಿದೆ. ಅರ್ಜಿಯನ್ನು ತಡೆಹಿಡಿಯಲಾಗಿದೆ.'

ಸುದ್ದಿ ಪೂರಿಗಾಲಿಯಲ್ಲಿ ಹಬ್ಬಿತು. ಬದುಕಿದ್ದಾಗ ಒಂದು ಕೋಳಿ ಕೊಳ್ಳುವುದಕ್ಕೂ ಹೆಂಡತಿಯ ಮುಖ ನೋಡುತ್ತಿದ್ದ ಕರಿಯಪ್ಪ, ಸತ್ತ ಮೇಲೆ ಇಷ್ಟು ಜೋರಾಗಿದ್ದಾನೆಂದು ತಿಳಿದು ಜನಕ್ಕೆ ಸಂತೋಷವೇ ಆಯಿತು.

ಶಿವರಾಮು ಮಾತ್ರ ತಡಮಾಡದೆ ಕೇಂದ್ರಕ್ಕೆ ಧಾವಿಸಿ, ಅತ್ತಿಗೆಯ ಕಷ್ಟ ನೋಡಲಾರೆನೆಂದು ಮೂಗು ಒರೆಸಿಕೊಂಡ. ಗಂಡ ಇಲ್ಲದ ಕಡೆ ಗಂಡನ ತಮ್ಮ ಹಸ್ತಕ್ಷೇಪ ಮಾಡುವುದಿಲ್ಲವೆಂದು ಬರೆದುಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದ. ನಡೆಯುತ್ತದೆ ಎಂದರು ಸಂಪತ್ ಕುಮಾರರು. ಚಿಕ್ಕಬೋರಮ್ಮನನ್ನು ಕರೆಸಿ ಕಾಗದ ಮುಂದಿಟ್ಟರು.

"ಇದೊಂದು ಸಣ್ಣ ವಿಧಿ ಅಮ್ಮಾ. ಹಸ್ತಕ್ಷೇಪ ಮಾಡುವ ಹಕ್ಕು ಇಲ್ಲದವರು ಮಾಡುವುದಿಲ್ಲ ಅಂತ ಬರೆದುಕೊಟ್ಟರೆ ಅದಕ್ಕೆ ಬೆಲೆ ಇಲ್ಲ. ಆದ್ದರಿಂದ ಮೊದಲು ನೀವು ಶಿವರಾಮು ಅವರಿಗೆ ಹಸ್ತಕ್ಷೇಪದ ಹಕ್ಕನ್ನು ಬರೆದುಕೊಡಬೇಕು. ಆಮೇಲೆ ಅವರು ಅದನ್ನು ಚಲಾಯಿಸುವುದಿಲ್ಲ ಅಂತ ಬರೆದುಕೊಡುತ್ತಾರೆ."

"ಇವ್ನು ಮೂಗು ತೂರ್ಸಾಕಿಲ್ಲ ಅನ್ನಾಕೆ, ಮೂಗು ತೂರ್ಸೋ ಅಕ್ಕು ನಾನೇ ಕೊಡ್ಬೇಕಾ?"

"ಹೌದು."

"ಕೊಟ್ಮೇಲೆ ತೂರ್ಸಿದ್ರೆ?"

"ಆಗ ನಿಮ್ಮ ಪತ್ರ ರದ್ದಾಗುತ್ತದೆ."

"ಅವ್ನ ಅಕ್ಕು?"

"ಅದು ಇರುತ್ತದೆ."

ಶಿವರಾಮು ಫ್ಯಾನು ನೋಡುತ್ತಿದ್ದ. ಚಿಕ್ಕಬೋರಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಲೋ ಸಿವರಾಮು, ನಿಮ್ಮಣ್ಣ ಬದ್ಕಿದ್ದಾಗ ನಿನ್ನ ಎಗಲ ಮ್ಯಾಲೆ ಒತ್ಕಂಡ್ ಬೆಳ್ಸುದ್ರಲ್ಲೋ. ನಾಚ್ಕೆ ಆಗಾಕಿಲ್ವಾ?" ಎಂದಳು. ಶಿವರಾಮುವಿಗೆ ಆಗಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿ, ಕಣ್ಣಲ್ಲಿ ನೀರು ಬಂತು. ನೀರು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಎದ್ದು ಬಾಗಿಲವರೆಗೆ ಹೋದವಳು ಸರಕ್ಕನೆ ತಿರುಗಿ ನಿಂತಳು.

"ಸ್ವಾಮಿ, ನನ್ ಗಂಡ ಅಸ್ತಕ್ಷೇಪ ಮಾಡ್ತಾ ಅವ್ರೆ ಅಂತ ಬರ್ದೋರು ಯಾರು?"

"ನಾನೇ."

"ಸೈನ್ ಆಕಿದೀರಾ?"

"ಮೊಹರೂ ಹಾಕಿದ್ದೇನೆ."

"ಅಂದ್ಮೇಲೆ ಅವ್ರಿಗೆ ಅಕ್ಕು ಐತೆ ಅಂತಾಯ್ತು. ಅಕ್ಕಿರೋರು ಮಾಡಾದ್ ಬುಟ್ರೆ ನಿಮ್ ಪತ್ರ ಕೊಡ್ಬೇಕಲ್ವಾ? ಬುಡುಸ್ತೀನಿ. ಎಂಗೆ ಅಂತ ಏಳಿ."

ಸಂಪತ್ ಕುಮಾರರು ಕನ್ನಡಕ ತೆಗೆದು ಒರೆಸಿದರು. ತಮ್ಮದೇ ವರದಿ ತಪ್ಪೆನ್ನುವಂತಿರಲಿಲ್ಲ. ಪ್ರಶ್ನೆಯನ್ನು ಹೊರದೇಶದ ಕೇಂದ್ರ ಕಚೇರಿಗೆ ಬರೆದರು. ಅಲ್ಲಿಯವರು ಸ್ಥಳೀಯ ಸಂಸ್ಕೃತಿಗೆ ತುಂಬಾ ಮರ್ಯಾದೆ ಕೊಡುವವರು. ಮೃತ ಪತಿಯು ಉದ್ದಿಮೆಯಿಂದ ಹಿಂದೆ ಸರಿದಿರುವುದು ಕಣ್ಣಿಗೆ ಕಾಣುವಂತಿದ್ದರೆ ಸಾಕೆಂದು ಉತ್ತರಿಸಿದರು. ಅದರಂತೆ ಮಂಡ್ಯ ಶಾಖೆಯ ಆದೇಶ ಹೊರಟಿತು: 'ಶ್ರೀ ಕರಿಯಪ್ಪನವರ ಪಟವನ್ನು ಈಗಿರುವ ಗೋಡೆಯಲ್ಲೇ, ಬೆನ್ನು ಉತ್ಪಾದನಾ ಘಟಕದ ಕಡೆಗೂ ಮುಖ ಗೋಡೆಯ ಕಡೆಗೂ ಇರುವಂತೆ ತೂಗುಹಾಕತಕ್ಕದ್ದು. ಘಟಕದ ಒಳಗೆ ಅವರೊಂದಿಗೆ ಮಾತುಕತೆ ನಡೆಸತಕ್ಕದ್ದಲ್ಲ.'

ಚಿಕ್ಕಬೋರಮ್ಮ ಪಟ ತಿರುಗಿಸಿದಳು. ರಟ್ಟಿನ ಬೆನ್ನು, ತುಕ್ಕು ಹಿಡಿದ ಮೊಳೆ, ಒಂದು ಜೇಡರ ಬಲೆ. ಕೇಳದೆ ಒಲೆ ಹಚ್ಚಿದಳು, ಪಾಕ ಸೀದುಹೋಯಿತು. ಮಾರನೆಯ ದಿನ ಒಲೆಯನ್ನೇ ಹಚ್ಚಲಿಲ್ಲ. ಕಬ್ಬು ಗಾಡಿಯಲ್ಲೇ ಒಣಗುತ್ತಾ ನಿಂತಿತು. ಆಳುಗಳು ತಮ್ಮನ್ನು ಯಾಕೆ ಬೈಯುತ್ತಿಲ್ಲವೆಂದು ಗಾಬರಿಯಾದರು. ಅವಳು ಸಿಪ್ಪೆಯ ರಾಶಿಯ ಮೇಲೆ ಕೂತು, ಗಂಡ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚಾಗಿ ಅತ್ತಳು. ಆ ದಿನ ಊರೆಲ್ಲ ಬಂದು ನಿಂತಿತ್ತು, ಅಳುವುದಕ್ಕೆ ಬಿಡುವೇ ಇರಲಿಲ್ಲ.

ಅತ್ತು ಮುಗಿದ ಮೇಲೆ ಮುಖ ತೊಳೆದು, ಆದೇಶವನ್ನು ಇನ್ನೊಮ್ಮೆ ಓದಿಸಿ ಕೇಳಿದಳು. ಆಮೇಲೆ ಆಳುಗಳಿಗೆ ಹಾರೆ ಕೊಟ್ಟಳು. ಪಟದ ಹಿಂದಿನ ಗೋಡೆಯಲ್ಲಿ, ಪಟಕ್ಕಿಂತ ಕೊಂಚ ಚಿಕ್ಕದಾಗಿ, ಒಂದು ಕಿಟಕಿ ಒಡೆಸಿದಳು. ಗೋಡೆಯ ಆಚೆ ಅವಳ ಮನೆಯ ಹಿತ್ತಿಲು. ನುಗ್ಗೆಮರ, ಬಚ್ಚಲ ಕಲ್ಲು.

ಸಂಪತ್ ಕುಮಾರರು ಬಂದು ಒಳಗೆ ನಿಂತು ನೋಡಿದರು. ಬೆನ್ನು ಕಂಡಿತು. ಪಟದ ಅಂಚಿನಿಂದ ಬೆಳಕೂ ಕಂಡಿತು.

"ಇದೇನಮ್ಮಾ ಹೊಸದು?"

"ಕಿಟ್ಕಿ ಕಣ್ ಸ್ವಾಮಿ."

ಅವರು ಆದೇಶ ತೆಗೆದು ಓದಿದರು. ಮುಖ ಗೋಡೆಯ ಕಡೆಗಿರಬೇಕೆಂದಿತ್ತು; ಕಿಟಕಿ ಗೋಡೆಯಲ್ಲೇ ಇತ್ತು. ಕಿಟಕಿಯ ವಿಚಾರವಾಗಿ ಕೇಂದ್ರದ ಬಳಿ ಯಾವ ನಿಯಮವೂ ಇರಲಿಲ್ಲ. ಅಲ್ಲೇ, ಬೆಲ್ಲದ ಡಬ್ಬದ ಮೇಲಿಟ್ಟು, ದೃಢೀಕರಣ ಪತ್ರಕ್ಕೆ ಸಹಿ ಹಾಕಿದರು. ಬಿಸ್ಕತ್ತು ಕಂಪನಿಯ ಆರ್ಡರು ನೇರವಾಗಿ ಪೂರಿಗಾಲಿಗೆ ಬಂತು. ಚಿಕ್ಕಬೋರಮ್ಮ ಅಂದು ಆಳುಗಳನ್ನು ಮನಸ್ಸು ತುಂಬಾ ಬೈದಳು. ಅವರಿಗೂ ಜೀವ ಬಂದಂತಾಯಿತು.

ಒಬ್ಬ ಗಂಡನಿಗೆ ಒಂದು ನ್ಯಾಯ, ಮತ್ತೊಬ್ಬನಿಗೆ ಒಂದು ನ್ಯಾಯ ಮಾಡುವುದು ಸಂಪತ್ ಕುಮಾರರ ಜಾಯಮಾನವಲ್ಲ. ಮುಂದಿನ ತಿಂಗಳೇ ಸುತ್ತೋಲೆ ಹೊರಡಿಸಿದರು. ಪತ್ರ ಪಡೆದ ಪ್ರತಿಯೊಂದು ಮಹಿಳಾ ಉದ್ದಿಮೆಯಲ್ಲೂ ಗಂಡನ ಪಟವನ್ನು, ಅವನು ಬದುಕಿರಲಿ ಬಿಡಲಿ, ಗೋಡೆಗೆ ಮುಖ ಮಾಡಿ ತೂಗುಹಾಕತಕ್ಕದ್ದು. ಚೌಕಟ್ಟನ್ನು ಅನುಮೋದಿತ ಮಹಿಳಾ ಉದ್ದಿಮೆಯಿಂದ ಮಾತ್ರ ಕೊಳ್ಳತಕ್ಕದ್ದು. ಅನುಮೋದನೆ ಸಿಕ್ಕಿದ್ದು 'ದೀಪಿಕಾ ಫ್ರೇಮ್ಸ್'ಗೆ. ಚೌಕಟ್ಟಿನಲ್ಲಿ ಬೆಲ್ಲಕ್ಕಿಂತ ಹೆಚ್ಚು ಉಳಿಯುವುದನ್ನು ಕಂಡ ಶಿವರಾಮು ಆಲೆಮನೆಯ ಆಸೆಯನ್ನು ಅಂದೇ ಬಿಟ್ಟ. ಅತ್ತಿಗೆಯ ಮೇಲಿನ ಕೋಪವೂ ಹೋಯಿತು. ಈಗ ಅವನು ಮದ್ದೂರಿನ ಅಂಗಡಿಯಲ್ಲಿ, ಗೋಡೆಗೆ ಮುಖ ಮಾಡಿದ ತನ್ನದೇ ಪಟದ ಕೆಳಗೆ, ದೀಪಿಕಳ ಕುರ್ಚಿಯಲ್ಲಿ ಕೂತು ಎಲ್ಲ ವ್ಯವಹಾರ ನೋಡಿಕೊಳ್ಳುತ್ತಾನೆ. ಹೇಗೂ ಬೆನ್ನೊಂದೇ ಕಾಣುವುದರಿಂದ ಕೆಲವರು ಒಳಗೆ ಫೋಟೋ ಇಲ್ಲದ ಬರೀ ಚೌಕಟ್ಟನ್ನೇ ಕೊಂಡೊಯ್ಯುತ್ತಾರೆ. ಕೇಂದ್ರ ಅದನ್ನೂ ಒಪ್ಪಿದೆ. ಹೊರದೇಶದಿಂದ ಬಂದ ಕಂಪನಿಯವರು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಸಾಲುಸಾಲಾಗಿ ತಿರುಗಿ ನಿಂತ ಗಂಡಂದಿರನ್ನು ನೋಡಿ ಗದ್ಗದಿತರಾದರು. ಈಗ ಅವರ ಬಿಸ್ಕತ್ತಿನ ಪೊಟ್ಟಣದ ಮೇಲೂ ಅಂಥದೇ ಒಂದು ಪಟದ ಬೆನ್ನು ಅಚ್ಚಾಗುತ್ತಿದೆ.

ವರ್ಷ ತಿರುಗಿ ಪತ್ರ ನವೀಕರಣಕ್ಕೆ ಬಂತು. ಸಂಪತ್ ಕುಮಾರರು ಬೆಳಗಿನ ಬಸ್ಸಿಗೇ ಪೂರಿಗಾಲಿಗೆ ಬಂದರು. ಆಲೆಮನೆಯಲ್ಲಿ ಆಳುಗಳು ಸಿಪ್ಪೆ ಒಡ್ಡಿ ಕಾಯುತ್ತಿದ್ದರು, ಚಿಕ್ಕಬೋರಮ್ಮ ಇರಲಿಲ್ಲ. ಹುಡುಕಿಕೊಂಡು ಹಿತ್ತಿಲ ಕಡೆಗೆ ಹೋದರು. ಆಕೆ ನುಗ್ಗೆಮರದ ಕೆಳಗೆ, ಕಿಟಕಿಯ ಎದುರು ನಿಂತು, ಸೆರಗಿನಿಂದ ಗಾಜು ಒರೆಸಿ, ಕುಂಕುಮ ಇಡುತ್ತಿದ್ದಳು. ಕರಿಯಪ್ಪ ಹುರಿಮೀಸೆ ಸಮೇತ ಹಿತ್ತಿಲು ನೋಡುತ್ತಿದ್ದ.

"ಒಲೆ ಅಚ್ಲಾ ಅಂಗಾರೆ?"

ಸಂಪತ್ ಕುಮಾರರು ಒಂದು ಗಳಿಗೆ ಕಾದರು. ಆಮೇಲೆ ತಗ್ಗಿದ ದನಿಯಲ್ಲಿ, "ಏನಂದರಮ್ಮಾ?" ಎಂದು ಕೇಳಿದರು.

"ಅಚ್ಚು ಅಂದ್ರು" ಎಂದು ಚಿಕ್ಕಬೋರಮ್ಮ ಒಳಗೆ ಹೋದಳು.

ಪರಿಶೀಲನೆಯು ಘಟಕದ ಒಳಭಾಗಕ್ಕೆ ಮಾತ್ರ ಸೀಮಿತವಾಗಿದ್ದರಿಂದ ಅಧಿಕಾರಿಗಳು ಅದನ್ನು ಬರೆದುಕೊಳ್ಳಲಿಲ್ಲ. ಅವಳ ಹಿಂದೆಯೇ ಒಳಗೆ ಹೋಗಿ, ಗೋಡೆಯನ್ನು ನೋಡಿ, 'ಪತಿಯ ಬೆನ್ನು ಕಂಡುಬಂತು, ಹಸ್ತಕ್ಷೇಪ ಕಂಡುಬರಲಿಲ್ಲ' ಎಂದು ಬರೆದು, ಬಾಳೆ ಎಲೆಯಲ್ಲಿ ಕೊಟ್ಟ ಬಿಸಿ ಬೆಲ್ಲ ತಿಂದು, ಮಳವಳ್ಳಿ ಬಸ್ಸು ಹತ್ತಿದರು.